ಸುವರ್ಣಕ್ಕನ ಹಿಂದೆ, ಎಡಕ್ಕೆ

ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುವವನನ್ನು ಯಾರೂ ನೋಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಚೆಗೆ ನಮ್ಮ ಗಂಗಾವತಿಯಲ್ಲಿ ಕೆಲವರು ಸೇರಿ ಹೊಸ ಬ್ಯಾಂಡು ಕಟ್ಟಿದ್ದಾರೆ. ಅದರಲ್ಲಿ ಬೇಸ್ ಹಿಡಿದವನು ನನ್ನನ್ನು ಹುಡುಕಿಕೊಂಡು ಮನೆಗೆ ಬಂದು, "ಅಂಕಲ್, ಈ ಕೆಲಸ ಹೆಂಗಿರ್ತೈತಿ, ಸ್ವಲ್ಪ ಹೇಳ್ರಿ" ಎಂದು ಕೇಳಿದ. ನಾನು ಚಹಾ ಕುಡಿಸಿ, ತಂತಿ ಯಾವುದು ಬಾಳಿಕೆ ಬರುತ್ತದೆ, ಸ್ಪೀಕರನ್ನು ಟೆಂಪೊದಲ್ಲಿ ಹೇಗೆ ಇಡಬೇಕು, ಇಂಥದ್ದನ್ನೆಲ್ಲ ಹೇಳಿ ಕಳಿಸಿದೆ. ಅವನು ಹೋದ ಮೇಲೆ, ಹೇಳಬೇಕಾದದ್ದನ್ನೇ ಹೇಳಲಿಲ್ಲವಲ್ಲ ಅನ್ನಿಸಿತು. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ.

ಮದುವೆಗೆ ಬಂದವರು ಮೊದಲು ಹಾಡುವವಳ ಸೀರೆ ನೋಡುತ್ತಾರೆ, ಆಮೇಲೆ ಡ್ರಮ್ಮಿನವನ ಕೈ ನೋಡುತ್ತಾರೆ, ಆಮೇಲೆ ಊಟದ ಪಂಕ್ತಿ ಎದ್ದಿತೋ ಇಲ್ಲವೋ ಎಂದು ನೋಡುತ್ತಾರೆ. ಹಿಂದೆ ನಿಂತ ನಮ್ಮ ಮೇಲೆ ಕಣ್ಣು ಬಿದ್ದರೂ ಸೌಂಡ್ ಸಿಸ್ಟಮಿನವನ ಕಡೆಯ ಆಳು ಅಂದುಕೊಳ್ಳುತ್ತಾರೆ. ಕುಷ್ಟಗಿಯಲ್ಲಿ ಒಬ್ಬ ಹೆಣ್ಣುಮಗಳು ಹಾಡು ನಡೆದಿರುವಾಗಲೇ ವೇದಿಕೆ ಹತ್ತಿ ಬಂದು, "ಅಣ್ಣಾರ, ಇದೊಂದೀಟು ಚಾರ್ಜಿಗೆ ಹಾಕ್ರಿ" ಎಂದು ಮೊಬೈಲು ನನ್ನ ಕೈಗೇ ಕೊಟ್ಟಿದ್ದಳು. ನಾನು ಬಲಗೈಯಿಂದ ತಂತಿ ಮೀಟುತ್ತ ಎಡಗೈಯಿಂದ ಅದನ್ನು ಪ್ಲಗ್ಗಿಗೆ ಸಿಕ್ಕಿಸಿದೆ. ಹೋಗುವಾಗ ಆಕೆ, "ನೀವು ಭಾಳ ಛಲೋ ಮಂದಿ ಬಿಡ್ರಿ" ಎಂದು ಹೊಗಳಿದಳು. ನನ್ನ ವೃತ್ತಿಯಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆಗಳಲ್ಲಿ ಅದೂ ಒಂದು.

ನನ್ನ ಹೆಸರು ಶರಣಪ್ಪ. ನಮ್ಮಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಭತ್ತ ತೂಗುವ ಕೆಲಸದಲ್ಲಿದ್ದ. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಬುತ್ತಿ ಕೊಡಲು ಹೋಗಿ ನಾನು ಅಲ್ಲೇ ಚೀಲಗಳ ಮೇಲೆ ಮಲಗಿಬಿಡುತ್ತಿದ್ದೆ. ಕುದಿಸಿದ ಭತ್ತದ ವಾಸನೆ, ಬೆಳಕಿನ ಕೋಲಿನೊಳಗೆ ತೇಲುವ ತೌಡಿನ ಧೂಳು, ಕೆಳಗಿನಿಂದ ಬೆನ್ನಿಗೆ ಹತ್ತುವ ಯಂತ್ರದ ಗುಂಯ್ ಸದ್ದು. ಆ ಸದ್ದನ್ನು ನಾನು ಕಿವಿಯಿಂದ ಕೇಳಿದ್ದಕ್ಕಿಂತ ಪಕ್ಕೆಲುಬಿನಿಂದ ಕೇಳಿದ್ದೇ ಹೆಚ್ಚು. ಗಿರಣಿ ನಿಂತಾಗ ಎಚ್ಚರವಾಗುತ್ತಿತ್ತು. ಸದ್ದಿಗೆ ಎಚ್ಚರವಾಗುವವರು ಬಹಳ ಜನ ಇದ್ದಾರೆ, ನಾನು ಸದ್ದು ನಿಂತಾಗ ಎಚ್ಚರವಾಗುವವನು. ಮುಂದೆ ಭಜನೆ ಮೇಳದಲ್ಲಿ ಏಕತಾರಿ ನನ್ನ ಪಾಲಿಗೆ ಬಂತು. ಅದರಲ್ಲೂ ಅದೇ ಸುಖ ಸಿಕ್ಕಿತು. ಎಲ್ಲರೂ ಮೇಲೆ ಹಾಡಿಕೊಂಡು ತಿರುಗಾಡುತ್ತಾರೆ, ನಾನು ಕೆಳಗೆ ಒಂದೇ ಕಡೆ ಕೂತಿರುತ್ತೇನೆ.

ಆರ್ಕೆಸ್ಟ್ರಾಕ್ಕೆ ಕರೆದವರು ಈರಣ್ಣ ಮಾಸ್ತರು. ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವರು, ಕಂಪನಿ ಮುಚ್ಚಿದ ಮೇಲೆ ಕೀಬೋರ್ಡು ಹಿಡಿದು ಸ್ವಂತ ತಂಡ ಕಟ್ಟಿದ್ದರು. ಅವರ ಬೇಸ್ ಗಿಟಾರಿನವನು ಮೊಬೈಲ್ ಅಂಗಡಿ ತೆಗೆದು ಕೈಬಿಟ್ಟಿದ್ದ. ನನ್ನ ಏಕತಾರಿ ಕೇಳಿದವರು ಮರುದಿನ ಆ ಗಿಟಾರನ್ನು ನನ್ನ ಕೊರಳಿಗೆ ಹಾಕಿ, "ನೀ ಬಾರಸೂದು ಒಂದ ತಂತಿ. ಇದರಾಗ ನಾಲ್ಕ ಅದಾವ. ಮೂರು ಕಲ್ತಿ ಅಂದ್ರ ಆತು" ಎಂದರು. ಅಷ್ಟೇ ನನಗಾದ ಪಾಠ. ಉಳಿದದ್ದನ್ನು ಅವರ ಬೈಗುಳ ಕಲಿಸಿತು. ಮಾಸ್ತರ ಬಾಯಿ ಜೋರು, ಮನಸ್ಸು ಮೆತ್ತಗೆ. ಬೈದ ದಿನ ಮಿರ್ಚಿ ಭಜಿ ಕೊಡಿಸದೆ ಮನೆಗೆ ಕಳಿಸಿದವರಲ್ಲ.

ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ಕಾಣುವುದು ರಸ್ತೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಕುಕನೂರು. ಗಂಗಾವತಿ ಬಿಟ್ಟು ಗದ್ದೆಯ ಹಸಿರು ಹಿಂದೆ ಸರಿದು, ಎರೆ ನೆಲ ಶುರುವಾಗುವ ಹೊತ್ತಿಗೆ ಟೆಂಪೊದಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ನಾನು ಬೇಸ್ ಸ್ಪೀಕರಿಗೆ ತಲೆ ಆನಿಸಿಕೊಂಡು ಅರ್ಧ ನಿದ್ದೆಯಲ್ಲಿ ಜೋಳದ ಹೊಲಗಳನ್ನು ನೋಡುತ್ತಿದ್ದೆ. ಯಾವುದು ಕನಸಿನ ಹೊಲ, ಯಾವುದು ನಿಜದ ಹೊಲ ಎಂದು ಈಗ ಬೇರೆ ಮಾಡಲು ಬರುವುದಿಲ್ಲ. ಯಲಬುರ್ಗಾದ ಒಂದು ನಾಮಕರಣದಲ್ಲಂತೂ ವೇದಿಕೆಯ ಮೇಲೆ ನಿಂತೇ ನಿದ್ದೆ ಹೋದೆ. ಮಧ್ಯಾಹ್ನದ ಹೋಳಿಗೆ ಊಟವಾಗಿತ್ತು, ಶಾಮಿಯಾನದ ಹಳದಿ ಬಟ್ಟೆಯಿಂದ ಸೋಸಿ ಬಂದ ಬಿಸಿಲು ಎಲ್ಲರ ಮೇಲೂ ಜೇನು ಸುರಿದಂತೆ ಬಿದ್ದಿತ್ತು. ಚಪ್ಪಾಳೆ ಸದ್ದಿಗೆ ಕಣ್ಣು ಬಿಟ್ಟರೆ ಹಾಡು ಮುಗಿದಿದೆ. ಗಾಬರಿಯಿಂದ ಮಾಸ್ತರ ಕಡೆ ನೋಡಿದೆ. "ಇವತ್ತ ಭಾಳ ಛಲೋ ಬಾರಿಸಿದಿ ನೋಡು" ಎಂದರು ಅವರು. ಇದರಿಂದ ಏನು ಪಾಠ ಕಲಿಯಬೇಕೋ ನನಗೂ ಗೊತ್ತಿಲ್ಲ, ಹೊಸಬರು ತಮಗೆ ತೋಚಿದ್ದನ್ನು ಕಲಿತುಕೊಳ್ಳಲಿ.

ನಮ್ಮ ಕಡೆಯ ಕಾರ್ಯಕ್ರಮಗಳಲ್ಲಿ ಹಾಡು ಒಂದೇ ಓಟಕ್ಕೆ ಮುಗಿಯುವುದಿಲ್ಲ. ನಡುವೆ ಯಾರೋ ಗಣ್ಯರು ಬರುತ್ತಾರೆ, ಮೈಕಿನಲ್ಲಿ ಅವರನ್ನು ಸ್ವಾಗತಿಸಬೇಕು. ಯಾರದೋ ಕಾರು ಅಡ್ಡ ನಿಂತಿರುತ್ತದೆ, ತೆಗೆಯಲು ಹೇಳಬೇಕು. ಎರಡನೇ ಪಂಕ್ತಿಗೆ ಬರ್ರಿ ಅನ್ನಬೇಕು. ಆಗ ಮಾಸ್ತರು ಒಂದು ಕೈ ಎತ್ತಿ ನನ್ನ ಕಡೆ, "ಹಿಡಕೋ" ಅನ್ನುತ್ತಿದ್ದರು. ಎಲ್ಲ ವಾದ್ಯಗಳೂ ನಿಂತು ನಾನೊಬ್ಬನೇ ಒಂದೇ ಸ್ವರವನ್ನು ಮೆಲ್ಲಗೆ, ಮಾತಿಗೆ ಅಡ್ಡಿಯಾಗದಂತೆ, ಮೀಟುತ್ತಿರಬೇಕು. ಸ್ವಾಗತ ಎಷ್ಟು ಉದ್ದವಾದರೂ ಹಾಡು ಎಲ್ಲಿ ನಿಂತಿತ್ತೋ ಅಲ್ಲೇ ಕಾಯುತ್ತಿರುತ್ತದೆ. ಮೈಕು ಮರಳಿ ಬಂದೊಡನೆ ಹಾಡುವವಳು ಅದೇ ಶ್ರುತಿಗೆ, ಅದೇ ನಡೆಗೆ ಹೆಜ್ಜೆ ಇಡುತ್ತಾಳೆ. ಇದನ್ನು ಯಾವ ಸಂಗೀತ ಶಾಲೆಯಲ್ಲೂ ಕಲಿಸುವುದಿಲ್ಲ. ಕೇಳುವವರಿಗೆ ಇಂಥದ್ದೊಂದು ನಡೆಯುತ್ತಿದೆ ಅನ್ನುವುದೂ ಗೊತ್ತಿರುವುದಿಲ್ಲ.

ಹಾಡುತ್ತಿದ್ದವಳು ಸುವರ್ಣಕ್ಕ. ಕುಷ್ಟಗಿ ಕಡೆಯ ಒಕ್ಕಲು ಮನೆತನದವಳು, ಗಂಗಾವತಿಗೆ ಮದುವೆಯಾಗಿ ಬಂದವಳು. ವಾರದ ದಿನಗಳಲ್ಲಿ ಅಂಗನವಾಡಿ ನೋಡಿಕೊಳ್ಳುತ್ತಿದ್ದಳು, ಮುಹೂರ್ತದ ದಿನಗಳಲ್ಲಿ ನಮ್ಮೊಂದಿಗೆ ಬರುತ್ತಿದ್ದಳು. ದನಿ ತೆಳುವಲ್ಲ, ಅದಕ್ಕೊಂದು ಒರಟು ಅಂಚು ಇತ್ತು. ಆ ಅಂಚಿನ ಮೇಲೆಯೇ ಮದುವೆ ಮನೆಯ ಹೆಂಗಸರ ಕಣ್ಣು ಒದ್ದೆಯಾಗುತ್ತಿತ್ತು. ವೇದಿಕೆಯಲ್ಲಿ ನನ್ನ ಜಾಗ ಅವಳ ಹಿಂದೆ, ಎಡಕ್ಕೆ. ಟೆಂಪೊದಲ್ಲಿ ನಾವು ಉಳ್ಳಾಗಡ್ಡಿ ದರ, ಬಸ್ಸಿನ ಗದ್ದಲ, ಅವಳ ಅತ್ತೆಯ ಮೊಣಕಾಲು ನೋವು ಎಲ್ಲದರ ಬಗ್ಗೆ ಮಾತಾಡುತ್ತಿದ್ದೆವು. ಸಂಗೀತದ ಬಗ್ಗೆ ಮಾತ್ರ ಒಂದು ದಿನವೂ ಮಾತಾಡಿದ್ದಿಲ್ಲ.

ಹೀಗಿರುವಾಗ ಲಾರ್ಸ್ ಬಂದ. ಆನೆಗೊಂದಿಯಲ್ಲಿ ಒಂದು ತೊಟ್ಟಿಲು ಕಾರ್ಯಕ್ರಮ. ನದಿಯ ಕಡೆ ಬರುವ ವಿದೇಶಿಯರು ಇಂಥ ಕಡೆ ಇಣುಕಿ, ಫೋಟೊ ತೆಗೆದು, ಹೆಸರುಬೇಳೆ ಪಾಯಸ ತಿಂದು ಹೋಗುವುದು ಅಲ್ಲಿ ಹೊಸದಲ್ಲ. ಆದರೆ ಈ ಮನುಷ್ಯ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದವನೇ ಎಲ್ಲರನ್ನೂ ದಾಟಿ ನನ್ನ ಬೇಸ್ ಸ್ಪೀಕರಿನ ಪಕ್ಕ ನೆಲದ ಮೇಲೆ ಕೂತು ಕಣ್ಣು ಮುಚ್ಚಿದ. ನೆರೆತ ಗಡ್ಡ, ಮಾಸಿದ ಜುಬ್ಬ. ಹಾಡು ಮುಗಿದಾಗ ಎಲ್ಲರೂ ಸುವರ್ಣಕ್ಕನ ಕಡೆ ನೋಡಿ ಚಪ್ಪಾಳೆ ತಟ್ಟಿದರೆ ಅವನು ನನ್ನ ಕಡೆ ತಿರುಗಿ ತಟ್ಟಿದ. ನನ್ನ ಹಿಂದೆ ಯಾರಿದ್ದಾರೆ ಎಂದು ನಾನು ತಿರುಗಿ ನೋಡಿದೆ. ಗೋಡೆ ಇತ್ತು.

ಅವನೂ ಬೇಸ್ ಬಾರಿಸುವವನು. ನಾರ್ವೆ ದೇಶದವನು, ಜಾಜ್ ಅನ್ನುವ ಸಂಗೀತದಲ್ಲಿ ಜೀವಮಾನ ಕಳೆದವನು. ಚಳಿಗಾಲ ಬಂದರೆ ಆನೆಗೊಂದಿಗೆ ಬಂದು ಬಾಡಿಗೆ ಮನೆ ಹಿಡಿಯುತ್ತಿದ್ದ. ಹೀಗಾಗಿ ಸ್ವಲ್ಪ ಕನ್ನಡ ಕಲಿತಿದ್ದ. ನನ್ನ ಇಂಗ್ಲಿಷು ಅವನ ಕನ್ನಡದಷ್ಟೇ ಇತ್ತು. ಎರಡನ್ನೂ ಕಲಸಿದರೆ ಒಂದು ಮಧ್ಯಾಹ್ನಕ್ಕೆ ಸಾಕಾಗುವಷ್ಟು ಮಾತು ಆಗುತ್ತಿತ್ತು. ಬಿಡುವಿನ ದಿನಗಳಲ್ಲಿ ನಾನು ಸೈಕಲ್ ಮೋಟರು ಏರಿ ಹೊರಟುಬಿಡುತ್ತಿದ್ದೆ. ನದಿಯ ದಂಡೆಯ ಬಂಡೆಗಳ ನೆರಳಿನಲ್ಲಿ ಕೂತರೆ ಹೊತ್ತು ಹೇಗೆ ಹೋಗುತ್ತಿತ್ತೋ ತಿಳಿಯದು. ನೀರು ಹರಿಯುತ್ತಿರುವಂತೆಯೂ ಕಾಣುತ್ತಿರಲಿಲ್ಲ, ನಿಂತಿರುವಂತೆಯೂ ಕಾಣುತ್ತಿರಲಿಲ್ಲ.

ಅವನ ಊರಿನಲ್ಲಿ ಚಳಿಗಾಲದಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ. ಅಪ್ಪ ಮೀನುಗಾರರ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ. ಕತ್ತಲಲ್ಲಿ ಮಂಜಿನ ಆಚೆಯಿಂದ ದೋಣಿಗಳ ಸದ್ದು ಕೇಳಿ, ಇದು ಇಂಥವರದು, ಮನೆಗೆ ಮರಳುತ್ತಿದೆ ಎಂದು ಅವನ ಅವ್ವ ಹೇಳುತ್ತಿದ್ದಳಂತೆ. ನಾನು ಗಿರಣಿಯ ಚೀಲಗಳ ಕಥೆ ಹೇಳಿದೆ. ಅವನು ಬಹಳ ಹೊತ್ತು ನಕ್ಕು, "ಹೌದ್ರಿ, ಹೌದ್ರಿ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ. ಅವನ ವಾದ್ಯ ನನ್ನದರಂತೆ ಕೊರಳಿಗೆ ಹಾಕಿಕೊಳ್ಳುವ ಗಿಟಾರಲ್ಲ, ಆಳಿನಷ್ಟು ಎತ್ತರದ ಕಟ್ಟಿಗೆಯ ಬೇಸ್. ಅದನ್ನು ಹೊತ್ತು ಹಿಮದಲ್ಲಿ ನಡೆದದ್ದು, ಹಡಗಿನಲ್ಲಿ ಅದನ್ನು ತನ್ನ ಹಾಸಿಗೆಯಲ್ಲಿ ಮಲಗಿಸಿ ತಾನು ನೆಲದ ಮೇಲೆ ಮಲಗಿದ್ದು, ರೈಲಿನಲ್ಲಿ ಅದಕ್ಕೂ ಒಂದು ಟಿಕೆಟು ತೆಗೆಸಿದ್ದು, ಇವನ್ನೆಲ್ಲ ಅವನು ಹೆಂಡತಿಯ ಬಗ್ಗೆ ಹೇಳುವಂತೆ ಹೇಳುತ್ತಿದ್ದ.

ಹೆಚ್ಚಿನ ವರ್ಷಗಳನ್ನು ಅವನು ಕಳೆದದ್ದು ಒಬ್ಬನೇ ಪಿಯಾನೊ ವಾದಕನ ಜೊತೆ. ದೊಡ್ಡ ಹೆಸರಿನ ಮನುಷ್ಯ. ಆತ ತೀರಿಕೊಂಡ ಚಳಿಗಾಲದಲ್ಲೇ ಲಾರ್ಸನ ಎಡಗೈಗೆ ಒಂದು ರೋಗ ಬಂತು. ಚಹಾದ ಲೋಟ ಹಿಡಿಯಲು, ಗುಂಡಿ ಹಾಕಿಕೊಳ್ಳಲು ಆ ಬೆರಳುಗಳಿಗೆ ಯಾವ ತೊಂದರೆಯೂ ಇಲ್ಲ. ತಂತಿ ಮುಟ್ಟಿದರೆ ಮಾತ್ರ ಮಡಚಿಕೊಳ್ಳುತ್ತವೆ. ನಾನು ನಂಬಲಿಲ್ಲ. ನನ್ನ ಗಿಟಾರನ್ನು ಕೊಟ್ಟೆ. ಬೆರಳುಗಳು ತಂತಿಯ ಹತ್ತಿರ ಹೋದವು, ಮುಟ್ಟಿದರೆ ಮುನಿ ಗಿಡದ ಎಲೆಯ ಹಾಗೆ ಒಳಕ್ಕೆ ಮುದುಡಿಕೊಂಡವು. ಬಲಗೈ ಮಾತ್ರ ಹಾಗೇ ಇತ್ತು. ಆ ಕೈಯಿಂದ ಅವನು ಎಡಗೈ ಒತ್ತದೆ ಬಿಟ್ಟ ಖಾಲಿ ತಂತಿಯನ್ನು ಒಮ್ಮೆ ಮೀಟಿದ. ಒಂದೇ ಸಲ. ನನ್ನದೇ ಗಿಟಾರಿನಲ್ಲಿ ಅಂಥ ಸ್ವರ ಇತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು.

ಅವನು ನನಗೆ ಕಲಿಸಿದ್ದು ಒಂದೇ. ಹೆಬ್ಬೆರಳು ತೋರುಬೆರಳು ಹತ್ತಿರ ತಂದು, "ಸ್ವಲ್ಪ ಕಡಿಮಿ" ಅನ್ನುತ್ತಿದ್ದ. ನಾನು ಸ್ವರಗಳನ್ನು ಒಂದರ ಮೇಲೊಂದು ತುರುಕುತ್ತಿದ್ದೆ, ಯಾರಾದರೂ ಕೇಳಿಸಿಕೊಳ್ಳಲಿ ಎಂಬ ಆಸೆಯಿಂದಲೇ ಇರಬೇಕು. ಅವನ ಮಾತಿನಂತೆ ಕಡಿಮೆ ಮಾಡಿದೆ, ಇನ್ನೂ ಕಡಿಮೆ ಮಾಡಿದೆ. ಒಂದು ಸ್ವರ ಬಾರಿಸಿ ಅದು ಹೋಗುವ ದಾರಿಯನ್ನೇ ನೋಡುತ್ತ ನಿಲ್ಲುವುದು ಅಭ್ಯಾಸವಾಯಿತು. ನನಗೆ ಸ್ವರ್ಗ ಸಿಕ್ಕ ಹಾಗಾಗಿತ್ತು, ಈರಣ್ಣ ಮಾಸ್ತರಿಗೆ ಪಿತ್ತ ನೆತ್ತಿಗೇರಿತ್ತು.

"ಯಾಕೋ, ಕೈ ನೋಯಾಕತ್ತಾವೇನು? ಇಲ್ಲಾ ಉಪಾಸ ಹಿಡದೀಯೋ?" ಎಂದು ಕೊಪ್ಪಳದ ಒಂದು ಕಲ್ಯಾಣಮಂಟಪದಲ್ಲಿ ಎಲ್ಲರೆದುರೇ ಕೇಳಿದರು.

"ಇಲ್ರಿ ಮಾಸ್ತರ, ಇಷ್ಟ ಸಾಕಾಗ್ತೈತ್ರಿ ಹಾಡಿಗೆ."

"ಇಷ್ಟ ಸಾಕಾಗೂದಾದ್ರ ನಿನ್ನ್ಯಾಕ ಟೆಂಪೊದಾಗ ಹೊತಕೊಂಡು ತಿರಗಲಿ ನಾನು? ಇಷ್ಟನ್ನ ನನ್ನ ಎಡಗೈನ ಬಾರಸ್ತೈತಿ."

ಹಾಸ್ಯವೆಂದುಕೊಂಡೆ. ಅಲ್ಲ. ಅವರು ಆಗಲೇ ಹೊಸ ಕೀಬೋರ್ಡು ತಂದಿದ್ದರು. ಅದರೊಳಗೆ ತಾಳ ಇತ್ತು, ತಬಲಾ ಇತ್ತು, ಎಡಗೈ ಬೆರಳು ಇಟ್ಟರೆ ಬೇಸ್ ಗಿಟಾರಿನ ಸದ್ದೂ ಬರುತ್ತಿತ್ತು. ಒಂದು ವಾರ ಕಳೆದ ಮೇಲೆ ಮನೆಗೇ ಬಂದು, ನನ್ನ ಹೆಂಡತಿ ಗಿರಿಜಾ ಕೊಟ್ಟ ಚಹಾ ಕುಡಿದು, ಲೋಟವನ್ನೇ ನೋಡುತ್ತ ಹೇಳಿದರು: "ಶರಣಪ್ಪ, ಈ ಲಗ್ನದ ಹಂಗಾಮು ಮುಗಿಯೂತನಕ ಇರು. ಮುಂದ ಬ್ಯಾಡ. ಎಲ್ಲಾ ಕಡಿ ಹಿಂಗ ಮಾಡಾಕತ್ತಾರ. ಮನಸಿಗೆ ಹಚಗೋಬ್ಯಾಡ."

ಹೊಟ್ಟೆಪಾಡಿಗೆ ಅಣ್ಣತಮ್ಮಂದಿರ ಜೊತೆ ಗದ್ದೆ ಇತ್ತು, ಗಿರಿಜಾಳ ಹೊಲಿಗೆ ಯಂತ್ರ ಇತ್ತು. ಆ ಚಿಂತೆ ಅಲ್ಲ. ಸುವರ್ಣಕ್ಕನ ಹಿಂದೆ, ಎಡಕ್ಕೆ, ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಇತ್ತಲ್ಲ, ಭೂಮಿಯ ಮೇಲೆ ನನ್ನದು ಅಂತ ನನಗೆ ಅನ್ನಿಸಿದ್ದು ಅದೊಂದೇ. ಅದು ಹೋಗುತ್ತದೆ ಎಂದಾಗ ನಾನು ಎಲ್ಲಿ ನಿಲ್ಲಲಿ ಅನ್ನುವುದೇ ತಿಳಿಯಲಿಲ್ಲ. ಮನೆಯೊಳಗೂ ಒಂದು ಕಡೆ ನಿಲ್ಲಲಾರದೆ ತಿರುಗಾಡುತ್ತಿದ್ದೆ. "ಒಂದ ಕಡಿ ಕುಂದರ್ರಿ, ತಲಿ ತಿರಗ್ತೈತಿ ನನಗ" ಎಂದು ಗಿರಿಜಾ ಬೈದಳು, ಬೈದು ತಾನೇ ಕಣ್ಣು ಒರೆಸಿಕೊಂಡಳು.

ಗಾಯದ ಮೇಲೆ ಬರೆ ಎಂಬಂತೆ ಕುಕನೂರಿನ ಮದುವೆ ಬಂತು. ಗಂಡಿನ ತಂದೆ ವ್ಯಾಪಾರಸ್ಥರು, ಏನಾದರೂ ವಿಶೇಷ ಇರಲಿ ಎಂದಿದ್ದರು. ಮಾಸ್ತರಿಗೆ ನನ್ನ ಗೆಳೆಯ ನೆನಪಾದ. ನನ್ನನ್ನು ಕೇಳದೆಯೇ ಬ್ಯಾನರು ಮಾಡಿಸಿಬಿಟ್ಟರು: ನಾರ್ವೆ ದೇಶದ ಖ್ಯಾತ ಗಿಟಾರ್ ವಾದಕರಿಂದ ವಿಶೇಷ ಕಾರ್ಯಕ್ರಮ. ಅವನ ಎಡಗೈ ನಡೆಯುವುದಿಲ್ಲ ಎಂದು ನಾನು ಹೇಳಿದೆ. "ನಡೀಲಿಲ್ಲಾಂದ್ರ ಬಿಡ್ಲಿ. ನಿಂತ್ರ ಸಾಕು. ಬೇಸ್ ಯಾರ ಕೇಳ್ತಾರ?" ಎಂದರು.

ಮಾಸ್ತರು ಹೇಳಿ ಕಳಿಸಿದ್ದು ತಲುಪಿ, ಲಾರ್ಸ್ ಅದೇ ಸಂಜೆ ಬಸ್ಸು ಹಿಡಿದು ಗಂಗಾವತಿಯ ನಮ್ಮ ಮನೆಗೆ ಬಂದ. ಬಾಗಿಲಲ್ಲೇ ನಿಂತು, "ಶರಣಪ್ಪ, ನೀ ಬ್ಯಾಡ ಅಂದ್ರ ಬ್ಯಾಡ" ಎಂದ. ಬ್ಯಾಡ ಅನ್ನಬೇಕೆಂದೇ ನಾನು ಬಾಯಿ ತೆರೆದೆ. ಆದರೆ ಅವನ ಕಣ್ಣು ನೋಡಿದೆ. ಹಬ್ಬಕ್ಕೆ ಹೊಸ ಬಟ್ಟೆ ಕೊಡಿಸುತ್ತಾರೋ ಇಲ್ಲವೋ ಎಂದು ಕಾಯುವ ಮಕ್ಕಳ ಕಣ್ಣು ಹಾಗಿರುತ್ತದೆ. ವೇದಿಕೆ ಹತ್ತಿ ಎಷ್ಟು ಕಾಲವಾಗಿತ್ತೋ ಆ ಜೀವಕ್ಕೆ. ನನ್ನ ಗಿಟಾರನ್ನು ತಂದು ಅವನ ಕೈಗಿಟ್ಟೆ. "ಖಾಲಿ ತಂತಿ ಅಷ್ಟ ಬಾರಸು. ಅಕ್ಕನ ಶ್ರುತಿಗೆ ಹೊಂದಿಸಿ ಕೊಡ್ತೀನಿ" ಎಂದೆ. ಅಂದು ರಾತ್ರಿ ನಾನು ಊಟ ಮಾಡಲಿಲ್ಲ.

ಕುಕನೂರಿನ ಆ ಮಧ್ಯಾಹ್ನ ನಾನು ಮೊಟ್ಟಮೊದಲ ಬಾರಿಗೆ ನಮ್ಮ ಆರ್ಕೆಸ್ಟ್ರಾವನ್ನು ಮುಂದಿನಿಂದ ಕಂಡೆ. ಕುರ್ಚಿಗಳ ನಡುವೆ ಕೂತಿದ್ದೆ. ಪಕ್ಕದ ಹಿರಿಯರು, "ನೀವು ಗಂಡಿನ ಕಡ್ಯಾರೇನ್ರಿ?" ಎಂದರು. ಏನು ಹೇಳಲಿ? ಹೌದೆಂದೆ. ನನ್ನ ಜಾಗದಲ್ಲಿ ಲಾರ್ಸ್ ನಿಂತಿದ್ದ, ನನ್ನ ಗಿಟಾರು ಅವನ ಎದೆಯ ಮೇಲೆ ಆಟಿಕೆಯ ಹಾಗೆ ಕಾಣುತ್ತಿತ್ತು. ಮಡಚಿದ ಎಡಗೈಯನ್ನು ಗಿಟಾರಿನ ಹಿಂದೆ ಬಚ್ಚಿಟ್ಟುಕೊಂಡಿದ್ದ. ಸುವರ್ಣಕ್ಕ ತವರಿನ ಹಾಡು ಎತ್ತಿಕೊಂಡಳು, ಮದುಮಗಳು ತವರು ಬಿಟ್ಟು ಹೊರಡುವ ನಿಧಾನದ ಹಾಡು. ಲಾರ್ಸ್ ಕಾದ. ಇನ್ನೂ ಕಾದ. ಆಮೇಲೆ ಒಂದು ತಂತಿ ಮೀಟಿದ.

ಆ ಸ್ವರ ಕುರ್ಚಿಯ ಕಾಲಿನಿಂದ ಹತ್ತಿ ನನ್ನ ಬೆನ್ನಿಗೆ ಬಂತು. ಹೊರಗೆ ಎರೆ ನೆಲದ ಮೇಲೆ ಬಿಸಿಲು ಅಲುಗುತ್ತಿತ್ತು, ಒಳಗೆ ಮಲ್ಲಿಗೆಯ ಘಮ, ಮಂಟಪದಲ್ಲಿ ಮದುಮಗಳು ತಲೆ ತಗ್ಗಿಸಿ ಕೂತಿದ್ದಳು. ನಾನು ಇಷ್ಟು ವರ್ಷ ಮಾಡುತ್ತಿದ್ದುದು ಇದನ್ನೇ ಏನು ಅನ್ನಿಸಿತು. ಇಷ್ಟು ಚೆಂದದ್ದನ್ನು? ಮೈಯೆಲ್ಲ ಹಗುರಾಗಿ, ನನ್ನ ಜಾಗ ಹೋದದ್ದೂ ಕೆಲ ಹೊತ್ತು ಮರೆತುಹೋಯಿತು. ಸುತ್ತ ನೋಡಿದೆ. ನಾನು ಅಲ್ಲಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಮಾಸ್ತರು ಹೇಳಿದ್ದು ಸುಳ್ಳಲ್ಲ ಅನ್ನಿಸಿತು. ಕನಸಿನಿಂದ ಎದ್ದಂತಾಯಿತು.

ಹಾಡಿನ ಎರಡನೇ ನುಡಿ ನಡೆದಿತ್ತು. ಆಗ ಮುಂದಿನ ಸಾಲಿನಲ್ಲಿ ಗದ್ದಲ ಎದ್ದಿತು. ಮುಖ್ಯ ಅತಿಥಿಯೊಬ್ಬರು ಇನ್ನೊಂದು ಮದುವೆಗೆ ಹೊರಡುವವರಿದ್ದರು. "ಸಾಹೇಬ್ರು ಹೊಂಟಾರ, ಫಾರಿನ್ನವರಿಗೆ ಸನ್ಮಾನ ಈಗ ಮಾಡಿಬಿಡ್ರಿ, ಈಗ!" ಎಂದು ಗಂಡಿನ ಸೋದರಮಾವ ಕೂಗಿದರು. ಹಾಡು ಮುಗಿಯಲಿ ಎಂದು ನಮ್ಮ ಕಡೆ ಯಾರೂ ಕಾಯುವುದಿಲ್ಲ, ಸನ್ಮಾನಕ್ಕೆ ಕಾಲ ಹೊತ್ತು ಇಲ್ಲ. ಐದಾರು ಜನ ಶಾಲು, ಹಾರ, ರುಮಾಲು ಹಿಡಿದು ವೇದಿಕೆ ಹತ್ತಿಯೇ ಬಿಟ್ಟರು. ಲಾರ್ಸ್ ತಲೆಯಾಡಿಸಿ ಬೇಡವೆಂದ. ಅವರು ಅದನ್ನು ಸಂಕೋಚ ಎಂದುಕೊಂಡರು. ಇಬ್ಬರು ಸೇರಿ ಅವನ ಕೊರಳಿನಿಂದ ಗಿಟಾರು ಬಿಚ್ಚಿ ಕುರ್ಚಿಯ ಮೇಲಿಟ್ಟು, ಅವನನ್ನು ಬಗ್ಗಿಸಿ ರುಮಾಲು ಸುತ್ತತೊಡಗಿದರು. ತಂಡದ ಹಿರಿಯರೆಂದು ಈರಣ್ಣ ಮಾಸ್ತರಿಗೂ ಒಂದು ಶಾಲು ಬಂತು. ಅವರು ಎದ್ದು ಎರಡೂ ಕೈ ಮುಗಿದರು. ಕೀಬೋರ್ಡಿನ ತಾಳ ಮಾತ್ರ ತನ್ನ ಪಾಡಿಗೆ ಟಿಕ್ ಟಿಕ್ ಎಂದು ನಡೆದೇ ಇತ್ತು. ಅದರೊಳಗೆ ಸ್ವರವೇ ಇರಲಿಲ್ಲ.

ಸುವರ್ಣಕ್ಕ ಹಾಡುತ್ತಲೇ ಇದ್ದಳು. ಅವಳ ದನಿ ಮೊದಲು ಒಂದು ಕೂದಲೆಳೆಯಷ್ಟು ಸರಿಯಿತು. ಇನ್ನೊಂದಿಷ್ಟು ಸರಿಯಿತು. ಕತ್ತಲೆಯಲ್ಲಿ ಮೆಟ್ಟಿಲು ಇದೆ ಎಂದು ಕಾಲಿಟ್ಟು ಇಲ್ಲದಿದ್ದರೆ ಆಗುವಂತೆ ಅವಳ ದನಿ ಮುಗ್ಗರಿಸಿತು. ನಿಂತಿತು. ಅವಳು ಹಿಂದೆ ತಿರುಗಿ, ಎಡಕ್ಕೆ ನೋಡಿದಳು. ಅಲ್ಲಿ ಖಾಲಿ ಇತ್ತು. ಮದುಮಗಳು ತಲೆ ಎತ್ತಿದಳು. ಜನ ಸನ್ಮಾನಕ್ಕೆ ಚಪ್ಪಾಳೆ ತಟ್ಟುತ್ತಿದ್ದರು, ಹಾಡು ನಿಂತದ್ದೇ ಅವರಿಗೆ ಗೊತ್ತಿರಲಿಲ್ಲ. ಸುವರ್ಣಕ್ಕ ಮತ್ತೆ ಜನರ ಕಡೆ ತಿರುಗಿ ಕುರ್ಚಿಗಳ ಸಾಲಿನಲ್ಲಿ ಹುಡುಕಿದಳು, ನನ್ನನ್ನು ಕಂಡಳು, ಮೈಕಿನಲ್ಲೇ ಕರೆದಳು.

"ಶರಣಪ್ಪ, ಅಲ್ಯಾಕ ಕುಂತಿ? ಬಾ ಇಲ್ಲಿ. ನನಗ ಹಾಡಾಕ ಆಗವಲ್ದು."

ಇಡೀ ಮಂಟಪ ನನ್ನ ಕಡೆ ನೋಡಿತು. ನಾನು ಹೇಗೆ ಎದ್ದೆನೋ, ಯಾರ ಕಾಲು ತುಳಿದೆನೋ ನೆನಪಿಲ್ಲ. "ಗಂಡಿನ ಕಡ್ಯಾರು ಅಂದ್ರಲ್ರಿ?" ಎಂದು ಪಕ್ಕದ ಹಿರಿಯರು ಹಿಂದಿನಿಂದ ಕೇಳಿದ್ದು ಮಾತ್ರ ನೆನಪಿದೆ. ಕುರ್ಚಿಯ ಮೇಲಿದ್ದ ಗಿಟಾರನ್ನು ಎತ್ತಿಕೊಂಡು ಲಾರ್ಸ್ ಬಾರಿಸುತ್ತಿದ್ದ ಅದೇ ಖಾಲಿ ತಂತಿಯನ್ನು ಮೀಟಿದೆ. ಮಾಸ್ತರು ಶಾಲು ಹೊದ್ದುಕೊಂಡೇ ಕೀಬೋರ್ಡಿನ ತಾಳ ಆರಿಸಿದರು. ಸುವರ್ಣಕ್ಕ ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡು, ನಿಂತಿದ್ದ ನುಡಿಯನ್ನೇ ಎತ್ತಿಕೊಂಡಳು. ಮದುಮಗಳು ಅಳತೊಡಗಿದಳು, ಅವಳ ಅವ್ವನೂ ಅತ್ತಳು, ಆಗ ಇಡೀ ಮಂಟಪಕ್ಕೆ ಇದು ಹಾಡು ಎಂದು ನೆನಪಾಯಿತು. ನಾನೂ ಅತ್ತೆ. ಹಿಂದೆ ನಿಂತವನಿಗೆ ಅದೊಂದು ಅನುಕೂಲ, ಅತ್ತರೂ ಯಾರಿಗೂ ಕಾಣುವುದಿಲ್ಲ.

ವಾಪಸು ಬರುವಾಗ ಟೆಂಪೊದಲ್ಲಿ ಸುವರ್ಣಕ್ಕ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದಳು. ಡ್ರೈವರನ ಪಕ್ಕ ಕೂತಿದ್ದ ಮಾಸ್ತರು ಹಿಂದೆ ತಿರುಗದೆಯೇ ಹೇಳಿದರು: "ಶರಣಪ್ಪ, ಮುಂದಿನ ವಾರ ಕೊಪ್ಪಳದ್ದು ಐತಿ. ಅದರ ಮುಂದಿನ ವಾರ ಯಲಬುರ್ಗಾದ್ದು. ಮಳಿಗಾಲ ಮುಗದ ಮ್ಯಾಲ ಕುಷ್ಟಗ್ಯಾಗ ಎರಡು ಅದಾವ. ಲಗೂನ ಬರಬೇಕ ನೋಡು ಮತ್ತ." ಹಂಗಾಮು ಮುಗಿದ ಮೇಲೆ ಬೇಡ ಅಂದಿದ್ದ ಮಾತನ್ನು ಅವರು ಹೀಗೆ ಹಿಂದಕ್ಕೆ ತೆಗೆದುಕೊಂಡರು. ಸುವರ್ಣಕ್ಕ ಹಾಡುವುದನ್ನು ನಿಲ್ಲಿಸುವವರೆಗೂ ನಾನು ಆ ಜಾಗದಲ್ಲೇ ನಿಂತಿದ್ದೆ. ಅವಳು ಸಾಕೆಂದ ವರ್ಷ ನನಗೂ ಸಾಕೆನ್ನಿಸಿತು. ಆದರೆ ನಾನು ಹೇಳಹೊರಟದ್ದು ಆ ಟೆಂಪೊದ ಮಾತು.

ಲಾರ್ಸ್ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತಿದ್ದ. ತಲೆಯ ಮೇಲೆ ರುಮಾಲು ಹಾಗೇ ಇತ್ತು, ತೊಡೆಯ ಮೇಲೆ ಸೇವಂತಿಗೆ ಹಾರ. ಅವನಿಗೆ ಅವಮಾನವಾಯಿತೇನೋ ಎಂದು ನನಗೆ ಅಳುಕು. "ಸಿಟ್ಟು ಬಂತೇನು?" ಎಂದೆ. ಇಲ್ಲವೆಂದು ತಲೆಯಾಡಿಸಿದ. ಆಮೇಲೆ ತನ್ನ ಇಂಗ್ಲಿಷಿನಲ್ಲಿ, ನನಗೆ ತಿಳಿಯುವಷ್ಟು ನಿಧಾನವಾಗಿ, ಪಿಯಾನೊದವನ ವಿಷಯ ಹೇಳಿದ. "ಇಡೀ ಆಯುಷ್ಯ ಅವನ ಹಿಂದೆ ನಿಂತು ಬಾರಿಸಿದೆ. ವೇದಿಕೆಯ ಮೇಲೆ ಅವನು ಒಮ್ಮೆಯೂ ನನ್ನ ಕಡೆ ತಿರುಗಿ ನೋಡಲಿಲ್ಲ. ಒಮ್ಮೆಯೂ ನನ್ನ ಹೆಸರು ಕರೆಯಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ. ಇವತ್ತು ನಿಮ್ಮ ಅಕ್ಕ ತಿರುಗಿ ನೋಡಿದಳಲ್ಲ, ನಿನ್ನ ಹೆಸರು ಕರೆದಳಲ್ಲ, ಆಗ ನನಗೆ ಗೊತ್ತಾಯಿತು. ನಾನು ಅವನಿಗೆ ಬೇಕಾಗಿರಲೇ ಇಲ್ಲ."

ಇಷ್ಟು ಹೇಳಿ ಅವನು ತನ್ನ ಎಡಗೈಯನ್ನು ನೋಡುತ್ತ ಕೂತ. ಅಷ್ಟು ಎತ್ತರದ ಮನುಷ್ಯ ಅಷ್ಟು ಚಿಕ್ಕದಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಸಂಕಟವಾಯಿತು. ಸಮಾಧಾನ ಹೇಳಲು ನನಗೆ ಇಂಗ್ಲಿಷೂ ಸಾಲದು, ಜಾಣತನವೂ ಸಾಲದು. ನನಗೆ ಗೊತ್ತಿದ್ದದ್ದನ್ನು ನನ್ನ ಮಾತಿನಲ್ಲೇ ಹೇಳಿದೆ.

"ಲಾರ್ಸಣ್ಣ, ನಮ್ಮಕ್ಕನೂ ಇವತ್ತಿನತನಕ ಒಮ್ಮಿನೂ ತಿರಗಿ ನೋಡಿದ್ದಿಲ್ಲ. ಇವತ್ತ ಅಲ್ಲಿ ಯಾರೂ ಇದ್ದಿದ್ದಿಲ್ಲ, ಅದಕ್ಕ ತಿರಗಿದ್ಲು."

ಅವನು ನನ್ನ ಮುಖ ನೋಡಿದ.

"ನೀ ದಿನಾ ಇದ್ದಿ," ಎಂದೆ.

ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ರುಮಾಲಿನ ತುದಿಯಿಂದ ಮುಖ ಮುಚ್ಚಿಕೊಂಡ. ಅವನ ಭುಜ ಅಲುಗುತ್ತಿತ್ತು. ನಾನು ಅವನ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ, ದಾರಿಯಲ್ಲಿನ ಭಾನಾಪುರ ದಾಟುವವರೆಗೂ ಬಿಡಲಿಲ್ಲ.